ದೇಶದ ಹುಟ್ಟುವಳಿಯೂ ಬಡವನ ಬಾಳೂ

ದೇಶದ ಒಟ್ಟು ಹುಟ್ಟುವಳಿ ಹೆಚ್ಚಿದರೆ ಬಡತನವು ತಾನಾಗಿಯೇ ತೊಲಗುವುದೆಂದು ಕೆಲವರ ಅಭಿಪ್ರಾಯ. ಹೆಚ್ಚಿದುದೆಲ್ಲವೂ ಉಳ್ಳವರ ಕಣಜವನ್ನೇ ಸೇರುವುದೆಂದು ಮತ್ತೆ ಕೆಲವರ ಆಕ್ಷೇಪಣೆ. ಕೆರೆ ತುಂಬಿದ ಮಾತ್ರಕ್ಕೆ ಗದ್ದೆಗೆಲ್ಲ ನೀರು ಹರಿಯದು. ತೂಬೂ ಕಾಲುವೆಯೂ ನೆಟ್ಟಗಿರಬೇಕು. ಕೆರೆಯೇ ಬತ್ತಿದ್ದರೆ ಕಾಲುವೆಯಿಂದ ಪ್ರಯೋಜನವೇನು? ಈ ಎರಡು ಪಕ್ಷಗಳನ್ನೂ ವಿಯಟ್ನಾಂ ದೇಶದ ನಿದರ್ಶನದಿಂದ ಪರೀಕ್ಷಿಸೋಣ.

1975ರಲ್ಲಿ ಯುದ್ಧವು ಮುಗಿದಾಗ ಆ ದೇಶವು ಜರ್ಜರಿತವಾಗಿದ್ದಿತು. ಸಾಮೂಹಿಕ ವ್ಯವಸಾಯದಲ್ಲಿ ಹೆಚ್ಚು ದುಡಿದವನಿಗೆ ಹೆಚ್ಚು ಫಲ ದೊರೆಯದಿದ್ದುದರಿಂದ ಒಕ್ಕಲಿಗನ ಉತ್ಸಾಹ ಕುಗ್ಗಿತು. ಭತ್ತದ ನಾಡೇ ಹೊರಗಿನಿಂದ ಅಕ್ಕಿಯನ್ನು ತರಿಸಬೇಕಾಯಿತು. 1986ರಲ್ಲಿ ಸರ್ಕಾರವು ‘ದೊಯಿ ಮೊಯಿ’, ಎಂದರೆ ನವೀಕರಣ, ಎಂಬ ನೀತಿಯನ್ನು ಕೈಗೊಂಡಿತು. 1988ರಲ್ಲಿ ಸಾಗುವಳಿಯ ಹೊಣೆಯು ಕುಟುಂಬಗಳಿಗೆ ಬಂದಿತು. ಮರುವರ್ಷವೇ ಆ ದೇಶವು ಅಪಾರವಾಗಿ ಅಕ್ಕಿಯನ್ನು ರಫ್ತುಮಾಡಿತು. ನೆಲವು ಸರ್ಕಾರದ ಅಧೀನದಲ್ಲೇ ಉಳಿದರೂ, 1993ರ ಭೂಶಾಸನದಿಂದ ಸಾಗುವಳಿಯ ಹಕ್ಕನ್ನು ಅಡವಿಡುವುದಕ್ಕೂ ಮಕ್ಕಳಿಗೆ ಬಿಡುವುದಕ್ಕೂ ಅವಕಾಶವಾಯಿತು. ಬಳಿಕ ಉಡುಪು, ಪಾದರಕ್ಷೆಗಳ ಕಾರ್ಖಾನೆಗಳು ಹಳ್ಳಿಯ ಯುವತಿಯರಿಗೆ ನಗದು ಸಂಬಳವನ್ನು ಒದಗಿಸಿದುವು.

1993ರಲ್ಲಿ ನೂರಕ್ಕೆ 58 ಮಂದಿ ಬಡವರಿದ್ದರು. 2002ರಲ್ಲಿ 29 ಮಂದಿ. ಹತ್ತು ವರ್ಷ ತುಂಬುವುದರೊಳಗಾಗಿ ಸಂಖ್ಯೆ ಅರ್ಧಕ್ಕಿಳಿಯಿತು. ಇದಕ್ಕೆ ಕಾರಣವು ಗೂಢವಾದುದಲ್ಲ. ಬಡವನಲ್ಲಿರುವ ಬಂಡವಾಳ ಎರಡೇ: ತುಂಡು ನೆಲ, ಎರಡು ತೋಳು. ಅಲ್ಲಿಯ ಅಭಿವೃದ್ಧಿಯು ಇವೆರಡರ ಬೆಲೆಯನ್ನೂ ಏರಿಸಿತು. ಜನರಲ್ಲಿ ಬಹುಮಂದಿಗೆ ಮೊದಲೇ ಅಕ್ಷರಜ್ಞಾನವಿದ್ದುದೂ ನೆರವಾಯಿತು.

ಆದರೆ ಎಲ್ಲ ಗದ್ದೆಗಳಿಗೂ ನೀರು ಸಮನಾಗಿ ಹರಿಯಲಿಲ್ಲ. 2002ರಲ್ಲಿ ಬಹುಸಂಖ್ಯಾತ ಜನರಲ್ಲಿ ನೂರಕ್ಕೆ 23 ಮಂದಿ ಬಡವರಾಗಿದ್ದರೆ, ಬಹುಮಟ್ಟಿಗೆ ಬೆಟ್ಟಸೀಮೆಗಳಲ್ಲಿರುವ ಅಲ್ಪಸಂಖ್ಯಾತ ಬುಡಕಟ್ಟುಗಳಲ್ಲಿ 69 ಮಂದಿ ಬಡವರಾಗಿದ್ದರು. ಹೊರನಾಡಿನ ಸಂತೆಯನ್ನು ನಂಬಿದವನು ಅದರ ಏರಿಳಿತಕ್ಕೂ ಒಳಗಾಗಬೇಕು. ಅಲ್ಲಿ ಕಾಫಿಯ ಬೇಸಾಯವು ಬಹುವೇಗವಾಗಿ ಹಬ್ಬಿತು. 2001ರ ಸುಮಾರಿಗೆ ಜಗತ್ತಿನ ಕಾಫಿಯ ಧಾರಣೆ ಕುಸಿದಾಗ ಆ ಬೆಳೆಗಾರರಂತೆಯೇ ನಮ್ಮ ಕೊಡಗು, ಚಿಕ್ಕಮಗಳೂರುಗಳ ಬೆಳೆಗಾರರೂ ಕಂಗೆಟ್ಟರು.

ಆದುದರಿಂದ ಹುಟ್ಟುವಳಿಯ ವೃದ್ಧಿಯನ್ನು ನಾವು ತಾತ್ಸಾರಮಾಡಲಾಗದು. ಅದಿಲ್ಲದೆ ಹಂಚುವುದಕ್ಕೆ ಬಡತನವೊಂದೇ ಉಳಿಯುವುದು. ಆದರೆ ಅದು ಎಷ್ಟು ಹೆಚ್ಚಿತೆಂದು ಕೇಳುವಾಗಲೆಲ್ಲ, ಯಾರ ನೆಲದಲ್ಲಿ, ಯಾರ ಕೈಗಳಿಂದ ಹೆಚ್ಚಿತೆಂಬುದನ್ನೂ ಕೇಳುವುದು ವಿದ್ಯಾವಂತರಾದ ನಮ್ಮೆಲ್ಲರ ಕರ್ತವ್ಯ.