ಗುಣವಾಯಿತೇ? ಖರ್ಚೆಷ್ಟಾಯಿತು?

ಆಡೂರಿನ ರೈತನೊಬ್ಬನು ಎದೆನೋವಿನಿಂದ ಹುಬ್ಬಳ್ಳಿಯ ಆಸ್ಪತ್ರೆ ಸೇರಿದರೆ ಮನೆಯವರು ಮೊದಲು ಕೇಳುವುದು ಖರ್ಚನ್ನು. ಆದರೆ ಅವನು ಮರಳಿ ಹೊಲಕ್ಕೆ ಹೋಗುವಂತಾದನೇ ಎಂಬುದನ್ನೂ ಜೊತೆಗಿಟ್ಟು ತೂಗಿದಾಗಲೇ ಚಿಕಿತ್ಸೆಯ ನಿಜವಾದ ಬೆಲೆ ತಿಳಿಯುವುದು.

ಹೀಗೆ ತೂಗಿ ನೋಡಿದ ನಿದರ್ಶನ ನಮ್ಮ ನಾಡಿನಲ್ಲಿಯೇ ಇದೆ. ಬಡವರಿಗೆ ಹೃದ್ರೋಗ, ಕ್ಯಾನ್ಸರ್ ಮುಂತಾದವಕ್ಕೆ ಉಚಿತ ಚಿಕಿತ್ಸೆ ಕೊಡಿಸುತ್ತಿದ್ದ ವಾಜಪೇಯಿ ಆರೋಗ್ಯಶ್ರೀ ಯೋಜನೆಯು 2010ರಲ್ಲಿ ಮೊದಲು ಉತ್ತರ ಕರ್ನಾಟಕದಲ್ಲಿ ಆರಂಭವಾಯಿತು. ಯೋಜನೆಯಿದ್ದ ಹಳ್ಳಿಗಳನ್ನು, ಅದು ಇನ್ನೂ ತಲುಪದಿದ್ದ ದಕ್ಷಿಣದ ನೆರೆಹಳ್ಳಿಗಳೊಡನೆ ಸಂಶೋಧಕರು ಹೋಲಿಸಿದರು. 2014ರಲ್ಲಿ ಪ್ರಕಟವಾದ ಅವರ ವರದಿಯಂತೆ, ಬಡ ಕುಟುಂಬಗಳಲ್ಲಿ ಇಂತಹ ರೋಗಗಳಿಂದಾದ ಮರಣವು ಯೋಜನೆಯಿಲ್ಲದೆಡೆ ಶೇ. 0.90, ಇದ್ದೆಡೆ ಶೇ. 0.32, ಮನೆಯವರು ಕೈಯಿಂದ ತೆರುವ ಆಸ್ಪತ್ರೆ ವೆಚ್ಚವೂ ಇಳಿದಿತ್ತು.

ಎಷ್ಟು ಶಸ್ತ್ರಚಿಕಿತ್ಸೆಗಳಾದವು ಎಂಬ ಎಣಿಕೆಯಿಂದ ಇದು ತಿಳಿಯುತ್ತಿರಲಿಲ್ಲ. ಎಷ್ಟು ಜೀವ ಉಳಿದವು ಎಂದು ಎಣಿಸಿದ್ದರಿಂದ ತಿಳಿಯಿತು. ಆದ್ದರಿಂದ ವೈದ್ಯರಲ್ಲಿ ಇವೆರಡನ್ನೂ ಕೇಳೋಣ.