ಕುರಿ ಕಾಯುವುದೂ ಒಂದು ವಿದ್ಯೆ

"ಓದದಿದ್ದರೆ ಕುರಿ ಕಾಯಲು ಹೋಗು." ನಮ್ಮ ನಾಡಿನ ಶಾಲೆಗಳಲ್ಲಿ ಈ ಬೈಗುಳವನ್ನು ಕೇಳದೆ ಬೆಳೆದವರು ವಿರಳ. ಹೇಳುವವರು ಅದನ್ನು ಬುದ್ಧಿಮಾತೆಂದೇ ಭಾವಿಸಿರುತ್ತಾರೆ. ಆದರೆ ಚಳ್ಳಕೆರೆ ತಾಲ್ಲೂಕಿನ ದೊಡ್ಡಉಳ್ಳಾರ್ತಿಯಂತಹ ಊರಿನಲ್ಲಿ, ತಂದೆ ಮಂದೆಯನ್ನು ಹೊಡೆದುಕೊಂಡು ದೂರದ ಬಯಲಿಗೆ ಹೋಗಿರುವಾಗ, ತರಗತಿಯಲ್ಲಿ ಕುಳಿತ ಬಾಲಕನಿಗೆ ಈ ಮಾತು ಹೇಗೆ ಕೇಳಿಸೀತು? ತನ್ನ ಪುಸ್ತಕಕ್ಕೂ ಅಂಗಿಗೂ ಹಣ ಒದಗಿಸಿದ ದುಡಿಮೆಯೇ ಒಂದು ದಂಡನೆ ಎಂದು ಅವನು ಕಲಿಯುತ್ತಾನೆ. ಪ್ರತಿ ಕ್ರಿಸ್ಮಸ್ಸಿಗೂ ಬೆತ್ಲೆಹೇಮಿನ ಕುರುಬರನ್ನು ಗೋದಲಿಯಲ್ಲಿ ಭಕ್ತಿಯಿಂದ ನಿಲ್ಲಿಸುವ ನಮ್ಮ ಮನೆಗಳಲ್ಲಿಯೂ ಈ ಬೈಗುಳ ಕೇಳಿಬರುತ್ತದೆ ಎಂಬುದು ಯೋಚಿಸಬೇಕಾದ ಸಂಗತಿ.

ದೊಡ್ಡಉಳ್ಳಾರ್ತಿಯ ನೆಲವು ಹುಲ್ಲಿನ ನೆಲ. ಮೈಸೂರಿನ ಚಿಕ್ಕದೇವರಾಜ ಒಡೆಯರ ಕಾಲದಲ್ಲಿ 'ಬೆಣ್ಣೆ ಚಾವಡಿ'ಯಾಗಿದ್ದು, ಟಿಪ್ಪು ಸುಲ್ತಾನನಿಂದ 'ಅಮೃತ ಮಹಲ್' ಎಂಬ ಹೆಸರು ಪಡೆದ ರಾಸುಗಳಿಗಾಗಿ ಮೀಸಲಿಟ್ಟ ಕಾವಲುಗಳು ಇಲ್ಲಿವೆ. 1799ರ ನಂತರ ಈ ದನಗಳು ಬ್ರಿಟಿಷರ ಕೈಸೇರಿದವು. ಖರ್ಚು ಉಳಿಸುವ ಹೆಸರಿನಲ್ಲಿ 1860ರಲ್ಲಿ ಆ ಇಲಾಖೆಯನ್ನು ವಿಸರ್ಜಿಸಿದರು. ನಷ್ಟದ ಅರಿವಾಗಿ 1866ರಲ್ಲಿ ಮತ್ತೆ ಆರಂಭಿಸಬೇಕಾಯಿತು. ಒಂದು ಮಂದೆಯನ್ನು ಚದುರಿಸುವುದು ಸುಲಭ, ಕಟ್ಟುವುದು ಕಷ್ಟ. ನಮ್ಮ ಕಾಲದಲ್ಲಿ ಈ ಕಾವಲುಗಳ ಸುಮಾರು 10,000 ಎಕರೆ ರಕ್ಷಣಾ, ಅಣುಶಕ್ತಿ ಹಾಗೂ ವಿಜ್ಞಾನ ಸಂಸ್ಥೆಗಳ ಪಾಲಾಯಿತು. ಉಳ್ಳಾರ್ತಿ ಕಾವಲಿನಲ್ಲಿಯೇ ಭಾಭಾ ಅಣು ಸಂಶೋಧನಾ ಕೇಂದ್ರಕ್ಕೆ 1,810 ಎಕರೆ. ಹಳ್ಳಿಗರ ಅಳಲು ರಾಷ್ಟ್ರೀಯ ಹಸಿರು ನ್ಯಾಯಮಂಡಳಿಯ ಮುಂದೆ ಹೋಗಿ, 2014ರ ಆಗಸ್ಟ್‌ನಲ್ಲಿ ತೀರ್ಪು ಬಂದಿತು. ಆದರೂ ಎಲ್ಲರೂ ಕೂಡಿ ಮೇಯಿಸುತ್ತಿದ್ದ ಬಯಲಿಗೆ ಬೇಲಿ ಬಿದ್ದಿತೆಂಬುದು ಸತ್ಯ.

ಕೂಡಿ ಸಾಕುವುದು ಈ ಸೀಮೆಗೆ ಹೊಸದಲ್ಲ. ಇಲ್ಲಿನ ಮ್ಯಾಸನಾಯಕರು ತಮ್ಮ ಕುಲದೈವದ ಹೆಸರಿನಲ್ಲಿ 'ದೇವರ ಎತ್ತು'ಗಳನ್ನು ಕಾಪಾಡಿಕೊಂಡು ಬಂದಿದ್ದಾರೆ. ಅವುಗಳಿಗೆ ನೊಗ ಹೂಡುವುದಿಲ್ಲ, ಅವುಗಳನ್ನು ಮಾರುವುದಿಲ್ಲ. ಅವುಗಳ ಕಾವಲಿಗೆ ಕಿಲಾರಿಗಳಿದ್ದಾರೆ. ಮೇವಿನ ಹೊಣೆ ಸಮುದಾಯದ್ದು. ಇನ್ನೊಂದೆಡೆ ಬಡವರ ನಡುವೆ 'ಪಾಲಿಗೆ ಸಾಕುವ' ಪದ್ಧತಿಯಿದೆ: ಒಬ್ಬನ ಕುರಿಯನ್ನು ಮತ್ತೊಬ್ಬನು ಮೇಯಿಸಿ, ಹುಟ್ಟಿದ ಮರಿಗಳನ್ನು ಇಬ್ಬರೂ ಹಂಚಿಕೊಳ್ಳುವುದು. ಮೊದಲನೆಯದರಲ್ಲಿ ಲಾಭದ ಮಾತಿಲ್ಲ. ಎರಡನೆಯದರಲ್ಲಿ ಲಾಭವಿದ್ದರೂ ಅದು ಇಬ್ಬರಿಗೆ ಮಾತ್ರ. ಇವೆರಡರ ನಡುವೆ ವಿದ್ಯಾರ್ಥಿಗಳಿಗೆ ಒಂದು ದಾರಿಯಿದೆಯೇ?

ಹೊರನಾಡಿನಲ್ಲಿ ಅಂತಹ ದಾರಿ ಇದೆ. 1902ರಲ್ಲಿ ಅಮೆರಿಕದ ಓಹಿಯೋ ಸಂಸ್ಥಾನದಲ್ಲಿ ಎ. ಬಿ. ಗ್ರಹಾಮ್ ಎಂಬ ಶಾಲಾ ಅಧಿಕಾರಿ ಹಳ್ಳಿಯ ಮಕ್ಕಳನ್ನು ಕೂಡಿಸಿ ಒಂದು ಸಂಘವನ್ನು ಕಟ್ಟಿದರು. ಮುಂದೆ 'ಫೋರ್ ಎಚ್' ಎಂದು ಹೆಸರಾದ ಚಳವಳಿಗೆ ಅದೇ ಮೂಲ. ಅಲ್ಲಿ ಮಗುವು ಒಂದು ಕರುವನ್ನೋ ಕುರಿಮರಿಯನ್ನೋ ತಿಂಗಳುಗಟ್ಟಲೆ ಸಾಕಿ, ತಿನ್ನಿಸಿದ್ದನ್ನೂ ಖರ್ಚಾದದ್ದನ್ನೂ ಬರೆದಿಟ್ಟು, ಜಿಲ್ಲೆಯ ಜಾತ್ರೆಯಲ್ಲಿ ಪ್ರದರ್ಶಿಸಿ ಮಾರುತ್ತದೆ. ನೆರೆಯ ಕೇರಳದಲ್ಲಿಯೂ ಶಾಲಾ ಮಕ್ಕಳಿಗೆ ಕೋಳಿಮರಿಗಳನ್ನು ಕೊಟ್ಟು ಮನೆಯಲ್ಲಿ ಸಾಕಿಸುವ ಸರಕಾರಿ ಯೋಜನೆ ನಡೆದಿದೆ. ಆದರೆ ಮ್ಯಾಸನಾಯಕರ ಸಂಪ್ರದಾಯದಲ್ಲಿ ಕೋಳಿ ನಿಷಿದ್ಧ. ಆದುದರಿಂದ ಒಂದೆಡೆಯ ಯೋಜನೆಯನ್ನು ಇನ್ನೊಂದೆಡೆಗೆ ಹಾಗೆಯೇ ಹೊತ್ತು ತರಲಾಗದು. ಚಳ್ಳಕೆರೆಯ ಸೀಮೆಗೆ ಒಪ್ಪುವುದು ಕುರಿ. ಇದು ಕಂಬಳಿಯ ಸೀಮೆಯೂ ಹೌದು.

ಇಲ್ಲಿ ಒಂದು ಹಳೆಯ ತಾತ್ತ್ವಿಕ ಪ್ರಶ್ನೆ ಎದುರಾಗುತ್ತದೆ. ಬಹುಜನರಿಗೆ ಸೇರಿದ ವಸ್ತುವಿಗೆ ಆರೈಕೆ ಕಡಿಮೆ ಎಂದು ಅರಿಸ್ಟಾಟಲ್ ಎಚ್ಚರಿಸಿದ್ದನು. ಅವನ ವಿಚಾರವನ್ನು ಮುಂದುವರಿಸಿದ ಸಂತ ತೋಮಸ್ ಅಕ್ವಿನಾಸರು, ಸಂಪಾದಿಸಿ ನೋಡಿಕೊಳ್ಳುವ ಹೊಣೆ ಒಬ್ಬೊಬ್ಬನದಾಗಿರಲಿ, ಬಳಕೆಯಲ್ಲಿ ಮಾತ್ರ ಅದು ಎಲ್ಲರದೆಂಬ ಭಾವವಿರಲಿ ಎಂದು ವಾದಿಸಿದರು. ವಿದ್ಯಾರ್ಥಿಗಳ ಮಂದೆಗೆ ಇದಕ್ಕಿಂತ ಉತ್ತಮವಾದ ನಿಯಮಾವಳಿ ಬೇಕಿಲ್ಲ. ಮರಿಯು ಒಬ್ಬನದು, ಮಂದೆಯು ಎಲ್ಲರದು.

ವಿದ್ಯಾರ್ಥಿನಿಲಯದಲ್ಲಿ ಇಪ್ಪತ್ತು ಮಕ್ಕಳಿದ್ದಾರೆಂದು ಭಾವಿಸೋಣ. ಒಬ್ಬೊಬ್ಬರಿಗೆ ಮೂರು ತಿಂಗಳ ಒಂದೊಂದು ಟಗರುಮರಿ, ಅದರ ಕಿವಿಗೆ ಒಂದು ಸಂಖ್ಯೆ. ಮರಿಯ ತೂಕವನ್ನು ವಾರಕ್ಕೊಮ್ಮೆ ಬರೆದಿಡುವುದು ಅದರ ಒಡೆಯನ ಕರ್ತವ್ಯ. ದೊಡ್ಡಿ, ಮೇವು, ಔಷಧಿ, ಸರದಿಯ ಕಾವಲು ಎಲ್ಲವೂ ಸಂಘದ್ದು. ಬಯಲು ಕಿರಿದಾಗಿರುವುದರಿಂದ ಶೇಂಗಾ ಬೆಳೆಯುವ ಈ ಸೀಮೆಯಲ್ಲಿ ಅದರ ಒಣ ಬಳ್ಳಿಯನ್ನು ಕೂಡಿಡಬಹುದು. ನಿಲಯದ ಬೇಲಿಯಲ್ಲಿ ಅಗಸೆ, ಸುಬಾಬುಲ್ ಬೆಳೆಸಬಹುದು. ಮಳೆಗಾಲಕ್ಕೆ ಮುನ್ನ ಕರುಳುಬೇನೆಯ ಲಸಿಕೆ, ಪಿ.ಪಿ.ಆರ್. ಲಸಿಕೆ, ಪಶುವೈದ್ಯರು ಹೇಳಿದ ಕಾಲಕ್ಕೆ ಜಂತುಹುಳುವಿನ ಔಷಧಿ: ಇವುಗಳ ದಿನಾಂಕವನ್ನು ಗೋಡೆಯ ಮೇಲೆ ಬರೆಯಬೇಕು. ಗಣಿತವೂ ಜೀವಶಾಸ್ತ್ರವೂ ಪಠ್ಯದಿಂದ ಇಳಿದು ದೊಡ್ಡಿಗೆ ಬರುತ್ತವೆ.

ಆದರೆ ನಿಜವಾದ ಪಾಠ ಆರಂಭವಾಗುವುದು ಒಂದು ಮರಿ ಸತ್ತ ದಿನ. ಹತ್ತೊಂಬತ್ತು ಮಕ್ಕಳ ಮರಿಗಳು ನೆಟ್ಟಗಿವೆ; ಒಬ್ಬನದು ಬೆಳಗಾಗುವಷ್ಟರಲ್ಲಿ ಬಿದ್ದಿದೆ. "ಅದು ಅವನ ಹಣೆಬರಹ" ಎಂದು ಉಳಿದವರು ಸುಮ್ಮನಾದರೆ ಅಲ್ಲಿರುವುದು ಇಪ್ಪತ್ತು ವ್ಯಾಪಾರಿಗಳು, ಸಂಘವಲ್ಲ. ಮಾರಾಟದ ಹಣದಲ್ಲಿ ಒಂದು ಪಾಲನ್ನು ಮೊದಲೇ ತೆಗೆದಿಟ್ಟು ಆ ನಷ್ಟವನ್ನು ಎಲ್ಲರೂ ಹೊರಬೇಕು. "ಅವನು ಸೋಮಾರಿಯಾಗಿದ್ದನು, ನಾವೇಕೆ ಹೊರಬೇಕು?" ಎಂದು ಯಾರಾದರೂ ಕೇಳಿಯೇ ಕೇಳುತ್ತಾರೆ, ಅದು ನ್ಯಾಯವಾದ ಪ್ರಶ್ನೆ. ಉತ್ತರ ಪುಸ್ತಕದಲ್ಲಿದೆ. ತೂಕ ಬರೆದಿದ್ದರೆ, ಲಸಿಕೆ ಹಾಕಿಸಿದ್ದರೆ, ತಪ್ಪು ಅವನದಲ್ಲ. ಬರೆಯದಿದ್ದರೆ ಅದನ್ನು ಅವನ ಮುಖಕ್ಕೆ, ಎಲ್ಲರ ಸಮಕ್ಷಮದಲ್ಲಿ ಹೇಳಬೇಕು. ಪಾಲನ್ನು ಕಡಿಮೆ ಮಾಡಬಹುದು. ಆದರೆ ಅವನನ್ನು ಹೊರಗೆ ಹಾಕಕೂಡದು. ನ್ಯಾಯವನ್ನೂ ಕರುಣೆಯನ್ನೂ ಒಂದೇ ತಕ್ಕಡಿಯಲ್ಲಿ ತೂಗುವ ಕಷ್ಟ ಎಂತಹುದೆಂದು ಹದಿಮೂರರ ವಯಸ್ಸಿನಲ್ಲೇ ತಿಳಿಯುವುದು ಸಣ್ಣ ಲಾಭವಲ್ಲ. 1905ರಲ್ಲಿ ಗದಗ ಬಳಿಯ ಕಣಗಿನಹಾಳದಲ್ಲಿ ಸಿದ್ದನಗೌಡ ಪಾಟೀಲರು ಸಹಕಾರ ಸಂಘವನ್ನು ಕಟ್ಟಿದಾಗ, 1912ರಲ್ಲಿ ಮಂಗಳೂರಿನ ಕಥೋಲಿಕರು ತಮ್ಮ ಸಹಕಾರಿ ಬ್ಯಾಂಕನ್ನು ತೆರೆದಾಗ, ಅವುಗಳ ಬಂಡವಾಳವೂ ಈ ಪರಸ್ಪರ ನಂಬಿಕೆಯೇ ಆಗಿದ್ದಿತು.

ಕೊನೆಗೆ ಜಾತ್ರೆ. ನಮ್ಮ ದನದ ಜಾತ್ರೆಗಳಲ್ಲಿ ದಲ್ಲಾಳಿಗಳು ಟವಲಿನ ಕೆಳಗೆ ಬೆರಳು ಹಿಡಿದು ಬೆಲೆ ಕುದುರಿಸುವುದನ್ನು ಕಂಡಿದ್ದೇವೆ. ಪಕ್ಕದಲ್ಲಿ ನಿಂತವನಿಗೂ ಬೆಲೆ ತಿಳಿಯದು. ಎಷ್ಟೋ ವೇಳೆ ಸಾಕಿದವನಿಗೇ ತಿಳಿಯದು. ಮಕ್ಕಳ ಮಂದೆಯ ಮುಂದೆ ಒಂದು ಹಲಗೆಯಿರಲಿ: ಮರಿಯ ಸಂಖ್ಯೆ, ತೂಕ, ಲಸಿಕೆಯ ದಿನ, ಕೇಳುವ ಬೆಲೆ. ಇದೂ ಒಂದು ಬಗೆಯ ಸಾಕ್ಷ್ಯವೇ. 2022ರಲ್ಲಿ ಚರ್ಮಗಂಟು ರೋಗದಿಂದಾಗಿ ದನಗಳ ಜಾತ್ರೆಗಳು ನಿಷೇಧಕ್ಕೊಳಗಾದವು. ಆದುದರಿಂದ ಜಾತ್ರೆಯೊಂದನ್ನೇ ನೆಚ್ಚದೆ ವಾರದ ಸಂತೆಯನ್ನೂ ನೋಡಿಕೊಂಡಿರಬೇಕು.

ಇನ್ನೊಂದು ಮಾತನ್ನು ಮುಚ್ಚಿಡಬಾರದು. ಟಗರನ್ನು ಕೊಳ್ಳುವವನು ಅದನ್ನು ಬಹುಮಟ್ಟಿಗೆ ಮಾಂಸಕ್ಕಾಗಿಯೇ ಕೊಳ್ಳುತ್ತಾನೆ. ಹಗ್ಗವನ್ನು ಕೈಬಿಡುವಾಗ ಮಗು ಅಳುತ್ತದೆ. ಅಮೆರಿಕದ ಜಾತ್ರೆಗಳಲ್ಲಿಯೂ ಮಕ್ಕಳು ಅಳುತ್ತಾರೆ. ಮೊದಲ ದಿನವೇ ನಿಜವನ್ನು ಹೇಳಿರಬೇಕು. ಆ ಕಣ್ಣೀರನ್ನು ನಗಬೇಡಿ. ಊಟದ ತಟ್ಟೆಯ ಹಿಂದೆ ಒಂದು ಜೀವವೂ ಒಬ್ಬ ಕುರಿಗಾಹಿಯ ವರ್ಷದ ಶ್ರಮವೂ ಇವೆ ಎಂದು ಅರಿತವನು ಊಟದ ಮುಂಚಿನ ಪ್ರಾರ್ಥನೆಯನ್ನು ಅವಸರದಲ್ಲಿ ಮುಗಿಸಲಾರನು.

ನಮ್ಮ ಧರ್ಮಕೇಂದ್ರಗಳಲ್ಲಿ ವಿದ್ಯಾರ್ಥಿನಿಲಯಗಳಿವೆ, ಖಾಲಿ ಜಾಗಗಳಿವೆ, ರಜೆಯಲ್ಲಿ ಊರಿಗೆ ಮರಳುವ ಕುರಿಗಾಹಿಗಳ ಮಕ್ಕಳಿದ್ದಾರೆ. ಇಪ್ಪತ್ತಾಗದಿದ್ದರೆ ಐದು ಮರಿಗಳಿಂದಲಾದರೂ ಆರಂಭಿಸಬಹುದು. ರೋಗದ ಗುರುತು ಹಿಡಿಯಲು, ಮರಿಯನ್ನು ಆರಿಸಲು ಕಲಿಸುವ ಗುರುವನ್ನು ದೂರದಿಂದ ಕರೆಸಬೇಕಿಲ್ಲ. ಆ ಹುಡುಗನ ತಂದೆಯನ್ನೇ ಶಾಲೆಗೆ ಕರೆದು ಕುರ್ಚಿ ಹಾಕಿ ಕೂರಿಸಿರಿ. ಅಂದಿನಿಂದ ಆ ತರಗತಿಯಲ್ಲಿ "ಕುರಿ ಕಾಯಲು ಹೋಗು" ಎಂಬ ಮಾತು ಬೈಗುಳವಾಗಿ ಕೇಳಿಬರಲಾರದು.