ಎರಡು ಮಾತು ಬಲ್ಲ ಮಿದುಳು

ಹಳಿಯಾಳದ ಸಂತೆಗೆ ಬರುವ ಅಜ್ಜಿ ಮನೆಯಲ್ಲಿ ಮರಾಠಿ ಆಡುತ್ತಾಳೆ, ಬಸ್ಸಿನ ಕಂಡಕ್ಟರ್ ಜೊತೆ ಕನ್ನಡ, ಬಳೆ ಅಂಗಡಿಯವರ ಜೊತೆ ಉರ್ದು. ಜೋಯಿಡಾದ ಕುಣಬಿಗಳ ಮನೆಮಾತು ಕೊಂಕಣಿ, ಕಚೇರಿಗೆ ಹೋದರೆ ಕನ್ನಡ. ಹಳಿಯಾಳ, ಮುಂಡಗೋಡದ ಸಿದ್ದಿಗಳದೂ ಹಾಗೆಯೇ. ದಾಂಡೇಲಿಯಲ್ಲಿ 1950ರ ದಶಕದಲ್ಲಿ ಕಾಗದದ ಕಾರ್ಖಾನೆ ಬಂದಾಗ ದೇಶದ ನಾನಾ ಮಾತುಗಳೂ ಬಂದವು. ಮುಂಡಗೋಡದಲ್ಲಿ 1966ರಿಂದ ಟಿಬೆಟನ್ ಕೂಡ ಕೇಳಿಸುತ್ತಿದೆ. ಇಷ್ಟು ಭಾಷೆ ಕಲೆತರೆ ಮಕ್ಕಳಿಗೆ ಒಂದೂ ನೆಟ್ಟಗೆ ಬರುವುದಿಲ್ಲ ಎಂದು ಅಳುಕುವ ತಂದೆತಾಯಿಗಳು ಈ ಸೀಮೆಯಲ್ಲಿ ಇವತ್ತಿಗೂ ಇದ್ದಾರೆ. ಹಲವು ಮಾತು ಹೊರೆಯಲ್ಲ, ಮಿದುಳಿಗೆ ಬಲವಾಗಬಹುದು ಎಂದು ತೋರಿಸಿದ್ದು ಒಬ್ಬ ನರರೋಗ ತಜ್ಞೆಯ ಕೆಲಸ.

ಅವರು ಡಾ. ಸುವರ್ಣಾ ಅಲ್ಲಾಡಿ. ಈಗ ಬೆಂಗಳೂರಿನ ನಿಮ್ಹಾನ್ಸ್‌ನಲ್ಲಿ ನರವಿಜ್ಞಾನದ ಪ್ರಾಧ್ಯಾಪಕಿ. ಇಂಗ್ಲೆಂಡಿನ ಕೇಂಬ್ರಿಜ್‌ನಲ್ಲಿ ಡಿಮೆನ್ಷಿಯಾ (ಮರೆವಿನ ಕಾಯಿಲೆ) ಕುರಿತು ಕೆಲಸ ಮಾಡುತ್ತಿದ್ದ ತಂಡದೊಂದಿಗೆ ಸಂಶೋಧನೆ ನಡೆಸಿದವರು. ಹೈದರಾಬಾದಿನ ನಿಜಾಮ್ಸ್ ಇನ್‌ಸ್ಟಿಟ್ಯೂಟ್‌ನಲ್ಲಿ ಮರೆವಿನ ಕಾಯಿಲೆಯವರನ್ನು ನೋಡುತ್ತಿದ್ದಾಗ ಅವರ ಎದುರಿಗೆ ಕೂರುತ್ತಿದ್ದವರಲ್ಲಿ ತೆಲುಗಿನವರಿದ್ದರು, ದಖನಿ ಉರ್ದುವಿನವರಿದ್ದರು, ಎರಡನ್ನೂ ಬಲ್ಲವರಿದ್ದರು, ಅಕ್ಷರವೇ ತಿಳಿಯದವರೂ ಇದ್ದರು.

2007ರಲ್ಲಿ ಕೆನಡಾದ ಟೊರಾಂಟೊದಿಂದ ಎಲೆನ್ ಬಿಯಾಲಿಸ್ಟಾಕ್ ಮತ್ತು ಸಂಗಡಿಗರು ಒಂದು ಸಂಗತಿ ಪ್ರಕಟಿಸಿದ್ದರು: ಎರಡು ಭಾಷೆ ಆಡುವವರಲ್ಲಿ ಡಿಮೆನ್ಷಿಯಾ ಸುಮಾರು ನಾಲ್ಕು ವರ್ಷ ತಡವಾಗಿ ಕಾಣಿಸಿಕೊಳ್ಳುತ್ತದೆ. ಆದರೆ ಅಲ್ಲಿ ಎರಡು ಭಾಷೆ ಬಲ್ಲವರಲ್ಲಿ ಬಹುಪಾಲು ವಲಸೆ ಬಂದವರು. ಹಾಗಾದರೆ ಲಾಭ ಭಾಷೆಯದೋ, ವಲಸೆ ಬಂದವರ ಗಟ್ಟಿತನದ್ದೋ, ಓದಿನದೋ? ಟೊರಾಂಟೊದಲ್ಲಿ ಇದನ್ನು ಬಿಡಿಸುವುದು ಕಷ್ಟ. ಹೈದರಾಬಾದಿನಲ್ಲಿ ಸಾಧ್ಯವಿತ್ತು. ಅಲ್ಲಿ ಎರಡು ಭಾಷೆ ಆಡಲು ಯಾರೂ ಊರು ಬಿಟ್ಟು ಬರಬೇಕಿಲ್ಲ, ಶಾಲೆಯ ಮೆಟ್ಟಿಲು ಹತ್ತಬೇಕಾಗಿಯೂ ಇಲ್ಲ.

ಸುವರ್ಣಾ ಅವರ ತಂಡ 648 ರೋಗಿಗಳ ದಾಖಲೆಗಳನ್ನು ಕೂಲಂಕಷವಾಗಿ ನೋಡಿತು. ಅವರಲ್ಲಿ 391 ಮಂದಿ ಒಂದಕ್ಕಿಂತ ಹೆಚ್ಚು ಭಾಷೆ ಬಲ್ಲವರು. ಒಂದೇ ಭಾಷೆಯವರಿಗಿಂತ ಇವರಲ್ಲಿ ಕಾಯಿಲೆ ನಾಲ್ಕೂವರೆ ವರ್ಷ ತಡವಾಗಿ ಶುರುವಾಗಿತ್ತು. ಓದು ಬರಹ ಬಾರದವರಲ್ಲೂ ಈ ಅಂತರ ಕಂಡಿತು. 2013ರಲ್ಲಿ ಇದು ಪ್ರಕಟವಾದಾಗ ಜಗತ್ತಿನ ಗಮನ ಸೆಳೆಯಿತು. 2016ರಲ್ಲಿ ಲಕ್ವ ಹೊಡೆದ 608 ಮಂದಿಯ ಅಧ್ಯಯನ ಬಂತು. ಲಕ್ವದ ನಂತರವೂ ಬುದ್ಧಿಶಕ್ತಿ ಸರಿಯಾಗಿ ಉಳಿದವರು ಎರಡು ಭಾಷೆಯವರಲ್ಲಿ ಶೇ 40.5, ಒಂದೇ ಭಾಷೆಯವರಲ್ಲಿ ಶೇ 19.6.

ಕಾರಣವೇನಿರಬಹುದು? ಎರಡು ಮಾತು ಬಲ್ಲವರು ಬಾಯಿ ತೆರೆದಾಗಲೆಲ್ಲ ಮಿದುಳು ಒಂದನ್ನು ಆರಿಸಿ ಇನ್ನೊಂದನ್ನು ತಡೆದಿಡಬೇಕು. ಎದುರಿನವರನ್ನು ನೋಡಿ ಕ್ಷಣದಲ್ಲಿ ಮಾತು ಬದಲಿಸಬೇಕು. ಬದುಕಿಡೀ ನಡೆಯುವ ಈ ಕಸರತ್ತು ಗಮನ ಮತ್ತು ಹಿಡಿತದ ಶಕ್ತಿಯನ್ನು ಬಲಪಡಿಸಿ, ಕಷ್ಟಕಾಲಕ್ಕೆ ಇಡುಗಂಟಾಗುತ್ತದೆ ಎಂಬುದು ವಿಜ್ಞಾನಿಗಳ ವಿವರಣೆ. ಕಾಯಿಲೆ ಬಾರದಂತೆ ಭಾಷೆ ತಡೆಯುವುದಿಲ್ಲ, ಅದು ಎದ್ದು ಕಾಣುವುದನ್ನು ಮುಂದೂಡುತ್ತದೆ. ಹೈದರಾಬಾದಿನಲ್ಲಿ ಮೂರನೆಯ, ನಾಲ್ಕನೆಯ ಭಾಷೆಯಿಂದ ಹೆಚ್ಚಿನ ಲಾಭ ಕಾಣಲಿಲ್ಲ. ಬೇರೆ ದೇಶಗಳ ಕೆಲವು ಅಧ್ಯಯನಗಳಲ್ಲಿ ಇಂಥ ಅಂತರ ಸಿಕ್ಕಿಲ್ಲ, ಚರ್ಚೆ ಮುಗಿದಿಲ್ಲ ಎಂಬುದನ್ನೂ ಹೇಳಲೇಬೇಕು.

ನನ್ನ ದೃಷ್ಟಿಯಲ್ಲಿ ಅಷ್ಟೇ ಮುಖ್ಯವಾದುದು ಅವರ ಇನ್ನೊಂದು ಕೆಲಸ. ಮರೆವನ್ನು ಅಳೆಯುವ ಪರೀಕ್ಷೆಗಳು ಹುಟ್ಟಿದ್ದು ಪಶ್ಚಿಮದಲ್ಲಿ. ಚಿತ್ರ ನೋಡಿ ಹಾಗೆಯೇ ಬರೆಯಿರಿ, ನೂರರಿಂದ ಏಳೇಳು ಕಳೆಯಿರಿ ಎನ್ನುತ್ತವೆ. ಪೆನ್ಸಿಲ್ ಹಿಡಿಯದ ಗೌಳಿ ಅಜ್ಜನ ಕೈಗೆ ಅದನ್ನು ಕೊಟ್ಟರೆ, ಎಮ್ಮೆಗಳ ಲೆಕ್ಕ ತಪ್ಪದ ಅವನೂ ಮರೆಗುಳಿ ಎನಿಸಿಕೊಳ್ಳುತ್ತಾನೆ. ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿಯ ಯೋಜನೆಯಡಿ ಕನ್ನಡ, ಹಿಂದಿ, ಬಂಗಾಳಿ, ತೆಲುಗು, ಮಲಯಾಳಂಗಳಲ್ಲಿ ನಮ್ಮ ಜನರಿಗೆ ಒಗ್ಗುವ ಪರೀಕ್ಷೆಗಳು ಸಿದ್ಧವಾದದ್ದರಲ್ಲಿ ಸುವರ್ಣಾ ಅವರ ಪಾಲು ದೊಡ್ಡದು. ನಿಮ್ಹಾನ್ಸ್ ಮತ್ತು ರಾಜ್ಯ ಸರ್ಕಾರ 2022ರಲ್ಲಿ ಆರಂಭಿಸಿದ ಕರ್ನಾಟಕ ಮಿದುಳು ಆರೋಗ್ಯ ಕಾರ್ಯಕ್ರಮದಲ್ಲೂ ಅವರು ಮುಂಚೂಣಿಯಲ್ಲಿದ್ದಾರೆ. ಜಿಲ್ಲಾ ಆಸ್ಪತ್ರೆಯ ಮಟ್ಟದಲ್ಲೇ ಮಿದುಳಿನ ಕಾಯಿಲೆ ಗುರುತಿಸಿ ಚಿಕಿತ್ಸೆ ಕೊಡುವುದು ಅದರ ಗುರಿ.

ನಮ್ಮ ಜಿಲ್ಲಾ ಆಸ್ಪತ್ರೆ ಇರುವುದು ಕಾರವಾರದಲ್ಲಿ. ಹಳಿಯಾಳ, ಮುಂಡಗೋಡದವರಿಗೆ ಘಟ್ಟದ ಕೆಳಗಿನ ಕಾರವಾರಕ್ಕಿಂತ ಹುಬ್ಬಳ್ಳಿಯೇ ಹತ್ತಿರ. ಜೋಯಿಡಾದ ಕಾಡೊಳಗಿನ ಹಳ್ಳಿಗಳಿಗೆ ಎರಡೂ ದೂರ. ಈ ಸೇವೆ ತಾಲ್ಲೂಕು ಆಸ್ಪತ್ರೆಗೂ ಇಳಿಯಬೇಕು. ಅಲ್ಲಿ ಕನ್ನಡದ ಜೊತೆಗೆ ಕೊಂಕಣಿ, ಮರಾಠಿ, ಉರ್ದುವಿನಲ್ಲೂ ಕೇಳುವವರಿರಬೇಕು.

ಮನೆಯವರು ಮಾಡಬೇಕಾದದ್ದೂ ಇದೆ. ಮನೆಮಾತನ್ನು ಬಿಡಿಸಿ ಮಕ್ಕಳಿಗೆ ಶಾಲೆಯ ಮಾತೊಂದನ್ನೇ ಉಳಿಸಬೇಡಿ, ಎರಡನ್ನೂ ಆಡಲು ಬಿಡಿ. ಹಿರಿಯರು ದಾರಿ ತಪ್ಪಿದರೆ, ಕೇಳಿದ್ದನ್ನೇ ಮತ್ತೆ ಮತ್ತೆ ಕೇಳಿದರೆ, ಅರವತ್ತಕ್ಕೆ ಅರಳು ಮರಳು ಎಂದು ಸುಮ್ಮನಾಗಬೇಡಿ. ತಡಮಾಡದೆ ವೈದ್ಯರಿಗೆ ತೋರಿಸಿ.